ಪೊಲೀಸರು ಊದಿಸುವ ಯಂತ್ರವನ್ನು ಎಷ್ಟು ನಂಬಬಹುದು? ಡಾಕ್ಟರನ್ನು ಕೇಳಿ

ಅಡ್ಮಿನ್: ಕುಡಿದು ಗಾಡಿ ಓಡಿಸಿದವರನ್ನು ಹಿಡಿಯುವ ಆಲ್ಕೋಮೀಟರ್ ಬಗ್ಗೆ ಇವತ್ತು ಪ್ರಶ್ನೆ ಕೇಳಿ. ನಮ್ಮ ಗುಂಪಿನ ಫೋರೆನ್ಸಿಕ್ ಡಾಕ್ಟರ್ ಉತ್ತರಿಸುತ್ತಾರೆ.

ಕ್ಯಾಬ್ ಚಾಲಕ, ಬೆಂಗಳೂರು: ಸರ್, ನಾನು ಕುಡಿಯುವವನಲ್ಲ. ಕೆಮ್ಮಿಗೆ ಹೋಮಿಯೋಪತಿ ಹನಿ ನಾಲಿಗೆ ಮೇಲೆ ಬಿಟ್ಟುಕೊಂಡು ಐದು ನಿಮಿಷ ಆಗಿತ್ತು. ಊದಿದರೆ 64 ಬಂತು, ಮಿತಿ 30. ಹೇಗೆ?

ಡಾಕ್ಟರ್: ಆ ಹನಿಯಲ್ಲಿ ಸ್ಪಿರಿಟ್ ಇರುತ್ತದೆ. ಅದು ಬಾಯಲ್ಲೇ ಉಳಿದಿತ್ತು. ಯಂತ್ರಕ್ಕೆ ಬೇಕಾದದ್ದು ಶ್ವಾಸಕೋಶದ ಆಳದ ಗಾಳಿ. ಅದರಲ್ಲಿ ಇರುವ ಮದ್ಯದ 2100 ಪಟ್ಟು ರಕ್ತದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಬಾಯಲ್ಲಿ ಉಳಿದದ್ದಕ್ಕೂ ಅದೇ ಲೆಕ್ಕ ಬೀಳುತ್ತದೆ. ಬಾಯಿ ಮುಕ್ಕಳಿಸಿ, 15-20 ನಿಮಿಷ ಬಿಟ್ಟು ಮತ್ತೆ ಊದುತ್ತೇನೆ ಎಂದು ಕೇಳಿ. ಹನಿಯದ್ದಾದರೆ ಸೊನ್ನೆಗೆ ಇಳಿಯುತ್ತದೆ. ಕುಡಿದವರದ್ದು ಅಷ್ಟು ಬೇಗ ಇಳಿಯಲ್ಲ.

ಸದಸ್ಯರು, ತುಮಕೂರು: ಸಿಕ್ಕಿಬಿದ್ದವರೆಲ್ಲ ಹೇಳೋದು ಇದನ್ನೇ.

ಕ್ಯಾಬ್ ಚಾಲಕ: ನೀವು ನನ್ನ ಗಾಡಿಯಲ್ಲಿ ಇದ್ರಾ ಸ್ವಾಮಿ?

ಸದಸ್ಯರು, ಪುತ್ತೂರು: ಹಲಸಿನ ಹಣ್ಣು ತಿಂದರೂ ತೋರಿಸುತ್ತಂತೆ, ನಿಜವೇ?

ಡಾಕ್ಟರ್: ನಿಜ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಹಾಗೇ ಆಯಿತು. ಜಾಸ್ತಿ ಕಳಿತ ಹಣ್ಣು ಹುಳಿತು ಅದರಲ್ಲಿ ಸ್ವಲ್ಪ ಮದ್ಯ ಹುಟ್ಟುತ್ತದೆ. ಪರಿಹಾರ ಮೇಲಿನದೇ.

ಸದಸ್ಯರು, ಹಾಸನ: ಫಾರ್ವರ್ಡ್ ಬಂದಿದೆ. ಸೀಬೆ ಎಲೆ ಜಗಿದು ಮಜ್ಜಿಗೆ ಕುಡಿದರೆ ಯಂತ್ರಕ್ಕೆ ಸಿಗಲ್ಲವಂತೆ.

ಡಾಕ್ಟರ್: ಸುಳ್ಳು. ಎಲೆ, ಈರುಳ್ಳಿ, ಕಾಫಿ ಪುಡಿ ಯಾವುದೂ ರಕ್ತದಲ್ಲಿರುವುದನ್ನು ಇಳಿಸಲ್ಲ. ಯಕೃತ್ತು ಗಂಟೆಗೆ 100 ಮಿಲಿ ರಕ್ತಕ್ಕೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ, ಅಷ್ಟೇ. ದಯವಿಟ್ಟು ಇದನ್ನು ಹಂಚಬೇಡಿ. ನಂಬಿ ಗಾಡಿ ಹತ್ತಿದವರು ನನ್ನ ಟೇಬಲ್ ಮೇಲೆ ಬರುತ್ತಾರೆ.

ಸದಸ್ಯರು, ಮೈಸೂರು: ಊದಲ್ಲ ಅಂದರೆ?

ಡಾಕ್ಟರ್: ಕಾರಣವಿಲ್ಲದೆ ನಿರಾಕರಿಸಿದರೆ ಮೋಟಾರು ವಾಹನ ಕಾಯ್ದೆಯ ಕಲಂ 205ರಲ್ಲಿ ಅದು ನಿಮಗೇ ವಿರುದ್ಧ. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು. ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಬಾರದು. ನೋಡಿಕೊಳ್ಳಿ.



ಸದಸ್ಯರು, ಕ್ಯಾಲಿಫೋರ್ನಿಯಾ: ಕುಡಿದಿದ್ದಾರಾ ಅಂತ ನೋಡೋಕೆ ಇಲ್ಲಿ ಪೊಲೀಸರು ಗೆರೆ ಮೇಲೆ ನಡೆಸುತ್ತಾರೆ. ಅದು ಸರಿನಾ?

ಡಾಕ್ಟರ್: 1981ರ ಅಲ್ಲಿನದೇ ಅಧ್ಯಯನದಲ್ಲಿ ಅದು ಸರಿಯಾಗಿ ಹೇಳಿದ್ದು ನೂರಕ್ಕೆ 68 ಸಲ. ಮಂಡಿ ನೋವಿದ್ದರೆ ಮೊದಲೇ ಹೇಳಿ.

ಸದಸ್ಯೆ, ದಾವಣಗೆರೆ: ಸರ್, ಅಪ್ಪನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಮೂರು ದಿನ ಜ್ವರ, ಊಟ ಸೇರಲಿಲ್ಲ ಅಂತ ಇನ್ಸುಲಿನ್ ಬಿಟ್ಟಿದ್ದರು. ನಿನ್ನೆ ರಾತ್ರಿ ಕಾರು ತಡೆದಾಗ ಕಾಲು ತೂರಾಡುತ್ತಿತ್ತು, ಬಾಯಲ್ಲಿ ವಾಸನೆ ಇತ್ತಂತೆ. ಊದಿದರೆ 22. ಬಿಟ್ಟು ಕಳಿಸಿದರು. ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ.

ಡಾಕ್ಟರ್: ನೋಡಮ್ಮ, ಮೊದಲು ಇದನ್ನು ಓದು. ಯಂತ್ರದ ವಿಚಾರ ಆಮೇಲೆ. ವಾಸನೆ ಕೊಳೆತ ಹಣ್ಣಿನ ಥರ, ಉಗುರಿನ ಬಣ್ಣ ಒರೆಸುವ ದ್ರವದ ಥರ ಇದೆಯಾ? ವಾಂತಿ ಆಗುತ್ತಿದೆಯಾ? ಉಸಿರು ಆಳವಾಗಿ, ಜೋರಾಗಿ ಎಳೆಯುತ್ತಿದ್ದಾರಾ? ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆ ಬಳಸಲಾರದೆ ಕೊಬ್ಬು ಸುಡುತ್ತದೆ. ಅದರಿಂದ ಹುಟ್ಟುವ ಕೀಟೋನ್ ಎಂಬ ರಾಸಾಯನಿಕಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಅದರಲ್ಲೊಂದು ಅಸಿಟೋನ್, ಉಸಿರಲ್ಲಿ ಹೊರಬರುತ್ತದೆ. ಅಗ್ಗದ ಯಂತ್ರಗಳು ಅದನ್ನೇ ಮದ್ಯ ಎಂದುಕೊಳ್ಳುತ್ತವೆ. ಒಳ್ಳೆಯ ಯಂತ್ರ ಅಸಿಟೋನ್‌ಗೆ ಮೋಸಹೋಗುವುದಿಲ್ಲ. ಆದರೆ ದೇಹ ಅದರ ಸ್ವಲ್ಪ ಭಾಗವನ್ನು ಬೇರೊಂದು ಆಲ್ಕೋಹಾಲ್ ಆಗಿ ಮಾಡುತ್ತದೆ, ಅದು ಸಿಕ್ಕಿಬೀಳುತ್ತದೆ. ಅಂದರೆ ಆ 22 ಕಾಯಿಲೆಯದ್ದಿರಬಹುದು. ಇದಕ್ಕೆ ಜೀವ ಹೋಗುತ್ತದೆ. ಈಗಲೇ ಆಸ್ಪತ್ರೆಗೆ ಹೊರಡಿ, ಶುಗರ್ ಮತ್ತು ಕೀಟೋನ್ ನೋಡಿಸಿ. ಕಾರು ಅವರು ಓಡಿಸಬಾರದು.

ಸದಸ್ಯರು, ಹಾಸನ: ಹಾಗಲಕಾಯಿ ರಸ ಕೊಡಿ, ಶುಗರ್ ತಕ್ಷಣ ಇಳಿಯುತ್ತೆ.

ಡಾಕ್ಟರ್: ಏನೂ ಕೊಡಬೇಡಿ! ಒಬ್ಬ ಮನುಷ್ಯ ಸಾಯುವ ಹಂತದಲ್ಲಿರಬಹುದು. ನಿಮ್ಮ ಫಾರ್ವರ್ಡ್ ಅಳಿಸಿ.

ಸದಸ್ಯರು, ಹಾಸನ: ಒಳ್ಳೇದಕ್ಕೆ ಹೇಳಿದೆ. ಗದರಿಸೋದು ಯಾಕೆ?

ಸದಸ್ಯರು, ತುಮಕೂರು: ಇಂಥವರನ್ನು ಗುಂಪಿನಿಂದ ತೆಗೀರಿ ಅಡ್ಮಿನ್.

ಕ್ಯಾಬ್ ಚಾಲಕ: ಮೊದಲು ನಿಮ್ಮನ್ನು ತೆಗೀಬೇಕು.

ಸದಸ್ಯರು, ಶಿರಸಿ: ಸರ್, ಮೌತ್‌ವಾಶ್ ಬಳಸಿದರೂ ಬರುತ್ತಾ?

ಡಾಕ್ಟರ್: ಆ ಹನಿಯ ಥರವೇ. ಮೇಲೆ ಓದಿ.

ಸದಸ್ಯೆ, ದಾವಣಗೆರೆ: ಆಸ್ಪತ್ರೆಯಲ್ಲಿದ್ದೇವೆ ಸರ್. ಶುಗರ್ 438. ಮೂತ್ರದಲ್ಲಿ ಕೀಟೋನ್ ಇದೆ ಅಂದರು. ಐಸಿಯುಗೆ ಕರೆದುಕೊಂಡು ಹೋದರು.

ಡಾಕ್ಟರ್: ಒಳ್ಳೆಯದು, ಸರಿಯಾದ ಜಾಗದಲ್ಲಿದ್ದೀರಿ. ಇನ್ಸುಲಿನ್ ಬಿಟ್ಟದ್ದು ಯಾವತ್ತಿನಿಂದ ಅಂತ ಅವರಿಗೆ ಸರಿಯಾಗಿ ಹೇಳಮ್ಮ. ಕಾರಿನ ಕೀ ನಿನ್ನ ಹತ್ತಿರ ಇರಲಿ.