ಐಸೊಲೇಟರ್ (ಬ್ಯಾಟರಿ ಮೇನ್ ಸ್ವಿಚ್) ಆಫ್ ಮಾಡಿದ್ರೂ ಬೋಟ್ ಬ್ಯಾಟರಿ ಐದೇ ದಿನಕ್ಕೆ ಮಲಗ್ತಿದೆ, ಯಾರಾದ್ರೂ ಹೇಳಿ

ದೋಣಿಗಿಟ್ಟ ದುಡ್ಡು

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಲ್ಲಿ ಬರ್ಕಂಸ್ಟೆಡ್ ಹತ್ರ ಗ್ರ್ಯಾಂಡ್ ಯೂನಿಯನ್ ಕೆನಾಲ್ ಮೇಲೆ ನಮ್ದೊಂದು ಹಳೇ ನ್ಯಾರೋಬೋಟ್ ಇದೆ, ಏಳಡಿ ಅಗಲ ಕೂಡ ಇಲ್ಲ, ನಮ್ಮಪ್ಪ ಫೋಟೊ ನೋಡಿ ರೈಲ್ ಬೋಗಿ ನೀರಿಗೆ ಬಿದ್ದಂಗಿದೆ ಅಂದ್ರು. ವೀಕೆಂಡಿಗೆ ಮಾತ್ರ ಹೋಗೋದು. ಎಂಜಿನ್ ಸ್ಟಾರ್ಟರ್ ಬ್ಯಾಟರಿ ಬೇರೆ, ಅದು ಚೆನ್ನಾಗೇ ಇದೆ. ಒಳಗಿನ ಲೈಟು, ನೀರಿನ ಪಂಪು, ಫ್ರಿಜ್ಜಿಗೆ ಅಂತ ಮೂರು ಲೀಷರ್ ಬ್ಯಾಟರಿ, 12 ವೋಲ್ಟ್, ಒಂದೊಂದು 110 ಎಎಚ್ (ಆಂಪ್-ಅವರ್, ಎಷ್ಟು ಕರೆಂಟ್ ಹಿಡ್ಸುತ್ತೆ ಅನ್ನೋ ಅಳತೆ), ಪ್ಯಾರಲಲ್ಲಾಗಿ, ಅಂದ್ರೆ ಪ್ಲಸ್ಸಿಗೆ ಪ್ಲಸ್ಸು ಮೈನಸ್ಸಿಗೆ ಮೈನಸ್ಸು ಸೇರ್ಸಿ ಹಾಕಿದೆ, ಸೀಲ್ಡ್ ಟೈಪು, ಹಿಂದಿನ ಓನರ್ ಹಾಕ್ಸಿ ಎರಡು ವರ್ಷ ಆಯ್ತಂತೆ. ಭಾನುವಾರ ಸಂಜೆ ಎಂಜಿನ್ ಮೂರು ಗಂಟೆ ಓಡ್ಸಿ ನೋಡಿದ್ರೆ 12.8 ತೋರ್ಸುತ್ತೆ, ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ ಬರ್ತೀನಿ, ಶುಕ್ರವಾರ ರಾತ್ರಿ ಹೋದ್ರೆ 11.4, ಲೈಟು ಮಿಣಮಿಣ, ಪಂಪು ಗೊಣಗುತ್ತೆ. ಸೋಲಾರ್ ಇಲ್ಲ. ಬೋಟ್‌ಯಾರ್ಡಲ್ಲಿ ಒಬ್ರು ಮುಚ್ಚಳ ಕೂಡ ತೆಗೀದೆ ಮೂರೂ ಬದಲಾಯ್ಸಿ ಅಂದ್ಬಿಟ್ರು. ಹೆಂಡ್ತಿ ಕಡೆಯಿಂದ ಆ ಬಜೆಟ್ ಪಾಸಾಗಲ್ಲ.

ಸೋಲಾರ್ ಸೋಮಾರಿ

ಮೊದ್ಲು ಆ 12.8 ನಂಬೋದು ಬಿಡಿ. ಎಂಜಿನ್ ನಿಲ್ಸಿದ ತಕ್ಷಣ ಕಾಣೋದು ಮೇಲಿನ ಚಾರ್ಜು, ಹಾಲು ಉಕ್ಕಿದಾಗ ಪಾತ್ರೆ ತುಂಬಿದಂಗೆ ಕಾಣುತ್ತಲ್ಲ ಹಂಗೆ. ಯಾವ್ದೂ ಓಡದೆ ನಾಲ್ಕೈದು ಗಂಟೆ ಬಿಟ್ಟು ಅಳೀರಿ, ಆಗ 12.7 ಬಂದ್ರೆ ಫುಲ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ, 12.0 ಅಂದ್ರೆ ಕಾಲು ಭಾಗ ಉಳ್ದಿದೆ ಅಂತ. ಇನ್ನೊಂದು, ಲೆಡ್ ಆಸಿಡ್ ಬ್ಯಾಟರಿ 80 ಪರ್ಸೆಂಟ್ ತನಕ ಗಬಗಬ ತಿನ್ನುತ್ತೆ, ಕೊನೇ 20ಕ್ಕೆ 14.4 ವೋಲ್ಟ್ ಹತ್ರ ಗಂಟೆಗಟ್ಲೆ ಕೂರ್ಬೇಕು, ಮೂರು ಗಂಟೇಲಿ ಆಗೋ ಕೆಲ್ಸ ಅಲ್ಲ. ಅದೂ ನಿಮ್ಮ ಕೆನಾಲಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ನಿಂತ ಬೋಟಿನ ಎಂಜಿನ್ ಓಡಿಸೋಹಂಗಿಲ್ಲ. ವಾರವಾರ ಅರೆಹೊಟ್ಟೆ ಇಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಎರಡು ವರ್ಷಕ್ಕೇ ಮುದುಕ ಆಗ್ಬಿಡುತ್ತೆ.

ಮಲ್ಪೆ ವಯರಿಂಗ್

ಹೊಸ ಬ್ಯಾಟರಿ ಈಗ್ಲೇ ತರ್ಬೇಡಿ ಮಾರಾಯ್ರೆ. ಐಸೊಲೇಟರ್ ಆಫ್ ಅಂದ್ರೆ ಎಲ್ಲ ಆಫ್ ಅಂತ ಇಲ್ಲ. ಬಿಲ್ಜ್ ಪಂಪ್ (ಬೋಟಿನ ತಳಕ್ಕೆ ಸೇರಿದ ನೀರು ಹೊರಗೆ ಹಾಕುವ ಪಂಪು) ಅಂತೂ ಬ್ಯಾಟರಿಗೇ ಡೈರೆಕ್ಟ್ ಇರ್ತದೆ, ಇರ್ಲೇಬೇಕು, ಇಲ್ಲದಿದ್ರೆ ನೀವು ಮನೆಯಲ್ಲಿ ಮಲಗಿದಾಗ ಬೋಟು ನೀರಲ್ಲಿ ಮಲಗ್ತದೆ. ಅದ್ರ ಜೊತೆ ಹಿಂದಿನವರು ಇನ್ನೇನೇನು ಎಳ್ದಿದ್ದಾರೋ ಯಾರಿಗೆ ಗೊತ್ತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31, 61 ದಿನ ಮೀನುಗಾರಿಕೆ ಬಂದ್ ಉಂಟಲ್ಲ, ಆಗ ಟರ್ಮಿನಲ್ಲೇ ಬಿಚ್ಚಿಡೋದು. ಸ್ವಿಚ್ ಆಫ್ ಮಾಡಿದ್ದೇನೆ ಅಂತ ಬಿಟ್ಟು ಹೋದವರೇ ಆಗಸ್ಟಲ್ಲಿ ಬ್ಯಾಟರಿ ಅಂಗಡಿಯಲ್ಲಿ ನಿಂತಿರ್ತಾರೆ.

ಮಲ್ಟಿಮೀಟರ್ 10 ಆಂಪ್ ತೂತಿಗೆ ಹಾಕಿ, ಮೂರು ಬ್ಯಾಟರಿ ಗುಂಪಿನ ನೆಗೆಟಿವ್ ಕಡೆ ಕೇಬಲ್ ಬಿಚ್ಚಿ ನಡುವೆ ಸೀರೀಸಲ್ಲಿ ಹಿಡೀರಿ. ಆಗ ಎಂಜಿನ್ ಸ್ಟಾರ್ಟ್ ಮಾಡ್ಬೇಡಿ, ಇನ್ವರ್ಟರ್ ಆನ್ ಮಾಡ್ಬೇಡಿ, ಮೀಟರ್ ಫ್ಯೂಸ್ ಹೋಗ್ತದೆ. ಉಂಗುರ, ವಾಚು ತೆಗೆದಿಟ್ಟು ಕೈ ಹಾಕಿ, ಸ್ಪ್ಯಾನರ್ ಮತ್ತು ಉಂಗುರದ ನಡುವೆ ಬೆರಳು ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಮತ್ತೆ ಒಂದೊಂದೇ ಫ್ಯೂಸ್ ತೆಗೀತಾ ಬನ್ನಿ, ಎಲ್ಲಿ ಆಂಪ್ ಬೀಳ್ತದೆ ನೋಡಿ.

ದೋಣಿಗಿಟ್ಟ ದುಡ್ಡು

ಶನಿವಾರ ಮಳೇಲಿ ಎಂಜಿನ್ ಗುಂಡಿಗೆ ಇಳ್ದು, ಫೋನ್ ಟಾರ್ಚ್ ಬಾಯಲ್ಲಿ ಕಚ್ಕೊಂಡು ಅಳ್ದೆ. ಐಸೊಲೇಟರ್ ಆಫಲ್ಲೇ 0.9 ಆಂಪ್! ಬಿಲ್ಜ್ ಪಂಪ್ ಫ್ಯೂಸ್ ತೆಗ್ದೆ, ಕದಲ್ಲಿಲ್ಲ. ಆಮೇಲೆ ಕೆಂಪು ದಪ್ಪ ಕೇಬಲ್ ಹಿಡ್ಕೊಂಡು ಹೋದ್ರೆ ಅದು ಮೆಟ್ಟಲ ಕೆಳಗಿರೋ ಇನ್ವರ್ಟರಿಗೆ ಹೋಗಿದೆ, ಸೀದಾ ಬ್ಯಾಟರಿಯಿಂದ. ನಾನು ಇಷ್ಟು ದಿನ ಆಫ್ ಮಾಡ್ತಿದ್ದಿದ್ದು ಗೋಡೆ ಮೇಲಿನ 230 ವೋಲ್ಟ್ ಸಾಕೆಟ್ ಸ್ವಿಚ್ಚು. ಇನ್ವರ್ಟರ್ ಮೈಮೇಲಿನ ಸ್ವಿಚ್ ಆನಲ್ಲೇ ಇತ್ತು, ಹಸಿರು ಲೈಟು ಗೋಡೆ ಕಡೆ ಮುಖ ಮಾಡ್ಕೊಂಡು ಉರೀತಿತ್ತು. ಆಫ್ ಮಾಡಿದ್ರೆ 0.02. ಕೇಸ್ ಕ್ಲೋಸ್ ಅನ್ಸುತ್ತೆ, ಎಲ್ರಿಗೂ ಥ್ಯಾಂಕ್ಸ್.

ಹುಬ್ಬಳ್ಳಿ ಹೈದ

ತಡೀರಿ, ಲೆಕ್ಕ ಹೊಂದವಲ್ದು. 0.9 ಆಂಪ್ ಐದು ದಿನಕ್ಕ, ಅಂದ್ರ 120 ತಾಸಿಗೆ, 108 ಎಎಚ್ ಆತು. ನಿಮ್ಮ ಹತ್ರ 330 ಇದ್ರ ಮೂರರಾಗ ಎರಡು ಪಾಲು ಇನ್ನೂ ಉಳೀಬೇಕಿತ್ರೀ, 12.3, 12.4 ತೋರಿಸಬೇಕಿತ್ತು, 11.4ಕ್ಕ ಯಾಕ ಬಿತ್ತು? ಪೂರ್ತಿ ಚಾರ್ಜ್ ಆಗಿರಲಿಲ್ಲ ಅಂದ್ರೂ ಅಷ್ಟು ಕೆಳಗ ಬೀಳೂದಿಲ್ಲ. ಅಂದ್ರ 330 ಬರೇ ಸ್ಟಿಕರ್ ಮ್ಯಾಲ ಐತಿ. ಮೂರನ್ನೂ ಬಿಡಿಸಿ ರಾತ್ರಿ ಇಟ್ಟು ಬೇರೆಬೇರೆ ಅಳೀರಿ. ಮತ್ತ ಚಾರ್ಜ್ ಆಗೂ ಮುಂದ ಮ್ಯಾಲೆ ಕೈ ಇಟ್ಟು ನೋಡ್ರಿ, ಯಾವ್ದರೆ ಒಂದು ಬಿಸಿ ಐತೇನು?

ದೋಣಿಗಿಟ್ಟ ದುಡ್ಡು

ಗುರುವೇ, ಕೈ ಮುಗಿದೆ. 12.5, 10.6, 12.4. ನಡುವಿಂದು ಸತ್ತಿದೆ. ಚಾರ್ಜ್ ಮಾಡುವಾಗ ಅದೊಂದೇ ಬೆಚ್ಚಗಿತ್ತು, ಜೊತೆಗೆ ಕೊಳೆತ ಮೊಟ್ಟೆ ವಾಸ್ನೆ, ನಾವು ಎರಡು ತಿಂಗ್ಳಿಂದ ಟಾಯ್ಲೆಟ್ ಟ್ಯಾಂಕ್ ಅನ್ಕೊಂಡು ತೊಳೆದಿದ್ದೇ ತೊಳೆದಿದ್ದು. ಒಂದ್ಸಲ ಒಲೆ ಹಚ್ಚದೇನೇ ಸಿಓ (ಕಾರ್ಬನ್ ಮೊನಾಕ್ಸೈಡ್ ವಿಷಾನಿಲ) ಅಲಾರಂ ಬೇರೆ ಹೊಡ್ಕೊಂಡಿತ್ತು. ಈಗ ಅದೊಂದನ್ನೇ ಹೊಸದು ತಂದು ಹಾಕ್ಲಾ?

ಮಲ್ಪೆ ವಯರಿಂಗ್

ಅಯ್ಯೋ, ಆ ಅಲಾರಂ ಬ್ಯಾಟರಿಯ ಹೈಡ್ರೋಜನ್‌ಗೆ ಕೂಗಿರಬಹುದು, ಆ ಸೆನ್ಸರಿಗೆ ಹೈಡ್ರೋಜನ್ನೂ ಸಿಓ ತರವೇ ಕಾಣ್ತದೆ. ಹಾಗಂತ ಅಸಡ್ಡೆ ಮಾಡ್ಬೇಡಿ, ಕೂಗಿದ್ರೆ ಮೊದಲು ಹೊರಗೆ ಬನ್ನಿ. ಆ ಮೊಟ್ಟೆ ವಾಸನೆ ಸಹ ವಿಷವೇ. ಒಳಗೆ ಎರಡೆರಡು ವೋಲ್ಟಿನ ಆರು ಸೆಲ್ ಇರ್ತದೆ, ಅದ್ರಲ್ಲಿ ಒಂದು ಶಾರ್ಟ್ ಆಗಿದೆ, ಅದಕ್ಕೇ ಎರಡು ವೋಲ್ಟ್ ಕಡಿಮೆ. ಎಂಜಿನ್ ಓಡುವಾಗ ಅದು ಕುದೀತಾ ಇರ್ತದೆ, ನಿಲ್ಸಿದ ಮೇಲೆ ಪಕ್ಕದ ಎರಡನ್ನೂ ಕುಡೀತದೆ. ಈಗ್ಲೇ ಕಿತ್ತು ಹೊರಗಿಡಿ, ಮತ್ತೆ ಚಾರ್ಜಿಗೆ ಹಾಕ್ಬೇಡಿ.

ಹೊಸತು ಒಂದನ್ನು ಹಳೆಯದರ ನಡುವೆ ಕೂರಿಸ್ಬೇಡಿ, ಹಳೆಯವು ಅದನ್ನೂ ಎಳೆದು ಹಾಕ್ತವೆ. ಸದ್ಯಕ್ಕೆ ಎರಡರಲ್ಲೇ ನಡೆಸಿ, ಪಾಸಿಟಿವ್ ಒಂದು ಬ್ಯಾಟರಿಯಿಂದ, ನೆಗೆಟಿವ್ ಇನ್ನೊಂದರಿಂದ ತೆಗೀರಿ, ಎರಡೂ ಒಂದೇ ತುದಿಯಿಂದ ತೆಗೆದ್ರೆ ಆ ತುದಿಯ ಬ್ಯಾಟರಿಯೇ ಹೆಚ್ಚು ದುಡೀತದೆ.

ದೋಣಿಗಿಟ್ಟ ದುಡ್ಡು

ಎರಡು ವಾರ ಬಿಟ್ಟು ಅಪ್‌ಡೇಟ್: ಎಂಜಿನ್ ನಿಲ್ಸಿ ಐದು ಗಂಟೆ ಕಾದು ಭಾನುವಾರ ರಾತ್ರಿ ಅಳೆದಾಗ 12.6, ಶುಕ್ರವಾರ 12.5. ವಾಸ್ನೆ ಇಲ್ಲ. ಟಾಯ್ಲೆಟ್ ಮಾತ್ರ ಫಳಫಳ ಹೊಳೀತಿದೆ.