‘ಸಮುದ್ರಕ್ಕೇ ಬಾಗಿಲು’: ನಮ್ಮ ಮನೆಯವರ ಗುಂಪಿನಲ್ಲಿ ಒಂದು ಸಂಜೆ

(ದೊಡ್ಡಪ್ಪ ಹಂಚಿದ ವೀಡಿಯೊ: ‘ಸಮುದ್ರಕ್ಕೇ ಬಾಗಿಲು! ಹ್ಯೂಸ್ಟನ್‌ಗೆ ಇನ್ನು ಚಂಡಮಾರುತದ ಭಯವಿಲ್ಲ.’ ಹಲವು ಬಾರಿ ಫಾರ್ವರ್ಡ್ ಆಗಿ ಬಂದದ್ದು. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ಬಳಿ ಅಕ್ಕ, ಭಾವ ಮನೆ ಕೊಳ್ಳಲು ನೋಡುತ್ತಿದ್ದಾರೆ.)

ದೊಡ್ಡಪ್ಪ: ಎಲ್ಲರೂ ಪೂರ್ತಿ ನೋಡಿ. ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್ ಕೊಲ್ಲಿಯ ಅಳಿವೆಗೆ ತಲಾ 650 ಅಡಿ ಅಗಲದ ಎರಡು ದೊಡ್ಡ ಗೇಟುಗಳು. ಹಡಗುಗಳಿಗೆ ತೆರೆದಿರುತ್ತವೆ, ಚಂಡಮಾರುತ ಬಂದರೆ ಮುಚ್ಚಿಕೊಳ್ಳುತ್ತವೆ. ಮಗಳೇ, ಕ್ಲಿಯರ್ ಲೇಕ್ ದಡದ ಆ ಮನೆಯನ್ನು ನೀವಿಬ್ಬರೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಅಕ್ಕ: ದೊಡ್ಡಪ್ಪ, ಅದು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ. 2022ರ ಡಿಸೆಂಬರ್‌ನಲ್ಲಿ ಇಲ್ಲಿನ ಸಂಸತ್ತು ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಒಪ್ಪಿಗೆ ಬೇರೆ, ಹಣ ಬೇರೆ. ಆಗಿನ ಅಂದಾಜು 3,400 ಕೋಟಿ ಡಾಲರ್. ಮುಂದಿನ ಬೆಲೆಯೇರಿಕೆ ಸೇರಿಸಿದರೆ 5,700 ಕೋಟಿ. ಮುಗಿಯುವುದಕ್ಕೆ ದಶಕಗಳು ಬೇಕು. ಮನೆಯ ನಿರ್ಧಾರ ಈ ತಿಂಗಳು ಆಗಬೇಕು.

ಅತ್ತೆ: ಅಣ್ಣಾ, ಇಲ್ಲದ ಬಾಗಿಲನ್ನು ನಂಬಿ ಮನೆ ಕೊಡಿಸಬೇಡ.

ದೊಡ್ಡಪ್ಪ: ಹೀಗೆ ಕೊಂಕು ತೆಗೆಯುತ್ತಾ ಕುಳಿತರೆ ಜಗತ್ತಿನಲ್ಲಿ ಒಂದು ಅಣೆಕಟ್ಟೂ ಏಳುತ್ತಿರಲಿಲ್ಲ. 1900ರ ಸೆಪ್ಟೆಂಬರ್ 8ರಂದು ಸಮುದ್ರ ಆ ಕೊಲ್ಲಿಯ ಬಾಯಲ್ಲಿರುವ ಗ್ಯಾಲ್ವೆಸ್ಟನ್ ದ್ವೀಪದ ಮೇಲೇ ಹರಿಯಿತು. ಕಡಿಮೆಯೆಂದರೂ 6,000 ಜನ ಸತ್ತರು. ಉಳಿದವರು ಏನು ಮಾಡಿದರು? 17 ಅಡಿ ಎತ್ತರದ ತಡೆಗೋಡೆ ಕಟ್ಟಿದರು. ಮನೆಗಳನ್ನೂ ಚರ್ಚುಗಳನ್ನೂ ಜ್ಯಾಕ್ ಕೊಟ್ಟು ಎತ್ತಿ, ಕೆಳಗೆ ಮರಳು ತುಂಬಿಸಿ ಊರನ್ನೇ ಮೇಲಕ್ಕೆ ತಂದರು. 1915ರಲ್ಲಿ ಮತ್ತೊಂದು ಭಾರೀ ಚಂಡಮಾರುತ ಬಂದಾಗ ಊರು ಉಳಿಯಿತು.

ನಾನು: ಆ ಗೋಡೆಯ ರೂಪುರೇಷೆ ಕೊಟ್ಟ ಮೂವರು ಎಂಜಿನಿಯರ್‌ಗಳಲ್ಲಿ ಒಬ್ಬನಾದ ಹೆನ್ರಿ ರಾಬರ್ಟ್, ಸಭೆಯಲ್ಲಿ ಯಾರು ಯಾವಾಗ ಮಾತನಾಡಬೇಕು ಎಂಬ ನಿಯಮಗಳನ್ನು ಬರೆದವನೂ ಹೌದು. ಈ ಗುಂಪಿಗೆ ಅವನು ಬೇಕಿತ್ತು.

ಅತ್ತೆ: ಗೋಡೆಯ ಮುಂದಿನ ಮರಳ ದಂಡೆ ಏನಾಯಿತೆಂದು ನಿನ್ನ ವೀಡಿಯೊ ಹೇಳಲಿಲ್ಲವೇ? ಅಲೆಗಳು ಅದನ್ನು ತಿಂದು ಹಾಕಿದವು. ಈಗ ಬೇರೆಡೆಯಿಂದ ಮರಳು ತಂದು ಸುರಿಯುತ್ತಾರೆ.

ಅಕ್ಕ: ಗೋಡೆ ಬೇಡವಿತ್ತು ಎಂದು ನಾನು ಹೇಳುವುದಿಲ್ಲ ಅತ್ತೆ. ನನ್ನ ಚಿಂತೆ ಬೇರೆ. ಈ ಕೊಲ್ಲಿಯ ವಿಸ್ತಾರ ಸುಮಾರು 1,500 ಚದರ ಕಿಲೋಮೀಟರ್. ಹಡಗಿನ ಕಾಲುವೆ ಬಿಟ್ಟರೆ ಹೆಚ್ಚಿನ ಕಡೆ ಆಳ ಎರಡು, ಮೂರು ಮೀಟರ್ ಅಷ್ಟೇ. ಇಷ್ಟು ತೆಳುವಾದ ನೀರನ್ನು ಗಾಳಿ ಸುಲಭವಾಗಿ ಒಂದು ಮೂಲೆಗೆ ದಬ್ಬುತ್ತದೆ. 2008ರ ಸೆಪ್ಟೆಂಬರ್ 13ರಂದು ಐಕ್ ಚಂಡಮಾರುತ ಬಂದಾಗ ಗ್ಯಾಲ್ವೆಸ್ಟನ್‌ನ ಗೋಡೆ ಸಮುದ್ರದ ಕಡೆ ಗಟ್ಟಿಯಾಗಿಯೇ ನಿಂತಿತ್ತು. ಊರಿಗೆ ನೀರು ನುಗ್ಗಿದ್ದು ಹಿಂದಿನಿಂದ, ಕೊಲ್ಲಿಯ ಕಡೆಯಿಂದ. ಅಳಿವೆಯ ಗೇಟು ಹಾಕಿದರೂ ಒಳಗಿನ ನೀರು ಒಳಗೇ ಇರುತ್ತದೆ. ಅದರ ಜೊತೆಗೆ ಟ್ರಿನಿಟಿ, ಸ್ಯಾನ್ ಹಸಿಂಟೊ ನದಿಗಳ ಪ್ರವಾಹ ಬಂದು ಸೇರುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿ ಎಲ್ಲಿ?

ದೊಡ್ಡಪ್ಪ: ಲೆಕ್ಕ ಮಾಡೋಣ. ನದಿಗಳಿಂದ ಸೆಕೆಂಡಿಗೆ 5,000 ಘನ ಮೀಟರ್ ಬರುತ್ತಿದೆ ಎಂದುಕೋ. ಗೇಟು 24 ಗಂಟೆ ಮುಚ್ಚಿದ್ದರೆ ಒಟ್ಟು 43 ಕೋಟಿ ಘನ ಮೀಟರ್. ನೀನೇ ಹೇಳಿದ 1,500 ಚದರ ಕಿಲೋಮೀಟರ್‌ಗೆ ಹರಡಿದರೆ 29 ಸೆಂಟಿಮೀಟರ್ ಏರುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಹೊರಗೆ ನಾಲ್ಕೈದು ಮೀಟರ್ ನೀರು ನಿಂತಿರುವಾಗ ಇದೊಂದು ಲೆಕ್ಕವೇ?

ಅಕ್ಕ: ಲೆಕ್ಕ ಸರಿ. ಆದರೆ ನೀವು ನೀರನ್ನು ಸಮತಟ್ಟಾಗಿ ಹರಡಿದ್ದೀರಿ. ಗಾಳಿ ಹಾಗೆ ಹರಡುವುದಿಲ್ಲ. ಇನ್ನೊಂದು ವಿಷಯ: ಐಕ್‌ನ ಕಣ್ಣು, ಅಂದರೆ ಅದರ ಕೇಂದ್ರ, ಇನ್ನೂ ದೂರದ ಸಮುದ್ರದಲ್ಲಿದ್ದಾಗಲೇ, ಗಾಳಿ ದಡದ ಕಡೆಗೆ ತಿರುಗುವ ಮೊದಲೇ, ನೀರು ಸುಮಾರು ಎರಡು ಮೀಟರ್ ಏರಿತ್ತು. ಗೇಟು ಮುಚ್ಚುವುದು ತಡವಾದರೆ ಆ ನೀರನ್ನೆಲ್ಲ ಒಳಗೆ ಸೇರಿಸಿಕೊಂಡೇ ಬಾಗಿಲು ಹಾಕಿದ ಹಾಗೆ. ಬೇಗ ಮುಚ್ಚಿದರೆ ಹಡಗುಗಳು ಹೊರಗೆ ನಿಲ್ಲುತ್ತವೆ, ಬಂದರಿನವರು ಬೊಬ್ಬೆ ಹೊಡೆಯುತ್ತಾರೆ. ಮುಚ್ಚುವ ಗಳಿಗೆಯನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ನನ್ನ ಪ್ರಕಾರ ಗೇಟಿನ ಉಕ್ಕಿಗಿಂತ ದೊಡ್ಡ ಪ್ರಶ್ನೆ.

ಮತ್ತೆ, ಐಕ್ ಬಂದದ್ದು ಎರಡನೆಯ ಶ್ರೇಣಿಯ ಚಂಡಮಾರುತವಾಗಿ. ಎರಡೇ ಅಲ್ಲವೇ ಎಂದು ಮನೆಯಲ್ಲೇ ಉಳಿದವರಿದ್ದರು. ಅಳಿವೆಯ ಆಚೆ ಬದಿಯ ಬೊಲಿವರ್ ಪರ್ಯಾಯ ದ್ವೀಪದಲ್ಲಿ ಬೀದಿಗಟ್ಟಲೆ ಮನೆಗಳು ಕಂಬಗಳನ್ನಷ್ಟೇ ಬಿಟ್ಟು ಹೋದವು. ಶ್ರೇಣಿ ಹೇಳುವುದು ಗಾಳಿಯ ವೇಗವನ್ನು, ನೀರಿನ ಎತ್ತರವನ್ನಲ್ಲ. 2010ರಿಂದ ಶ್ರೇಣಿಗಳ ಪಟ್ಟಿಯಲ್ಲಿ ಚಂಡಮಾರುತದ ಉಬ್ಬರದ, ಅಂದರೆ ಅದು ಏರಿಸುವ ಸಮುದ್ರದ ನೀರಿನ, ಅಂಕಿಗಳನ್ನೇ ತೆಗೆದುಹಾಕಿದ್ದಾರೆ.

ದೊಡ್ಡಪ್ಪ: ಕೊಲ್ಲಿಯೊಳಗಿನ ನೀರಿಗಾಗಿಯೇ ಯೋಜನೆಯಲ್ಲಿ ಕ್ಲಿಯರ್ ಲೇಕ್‌ಗೂ ಡಿಕಿನ್ಸನ್ ಹಳ್ಳಕ್ಕೂ ಬೇರೆ ಗೇಟುಗಳಿವೆ, ಗ್ಯಾಲ್ವೆಸ್ಟನ್ ಸುತ್ತ ಉಂಗುರದಂತೆ ಒಂದು ತಡೆಗೋಡೆ ಇದೆ. ಓದಿದ್ದೀಯಾ?

ಅಕ್ಕ: ಓದಿದ್ದೇನೆ. ಅಳಿವೆಯ ಗೇಟೊಂದೇ ಸಾಲದು ಎಂದು ಅದನ್ನು ರೂಪಿಸಿದವರಿಗೇ ಗೊತ್ತಿದೆ ಎಂದಾಯಿತಲ್ಲ. ‘ಇನ್ನು ಭಯವಿಲ್ಲ’ ಎನ್ನುವುದು ವೀಡಿಯೊ ಮಾಡಿದವನ ಮಾತು.

ಭಾವ: ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಗೇಟಿನ ವಿಷಯದಲ್ಲಿ ನಾನು ಮಾವನವರ ಪಕ್ಷ. ಹಡಗಿನ ಕಾಲುವೆಯ ಎರಡೂ ದಡದಲ್ಲಿ ತೈಲ ಮತ್ತು ರಾಸಾಯನಿಕಗಳ ಟ್ಯಾಂಕುಗಳು ಸಾಲುಗಟ್ಟಿವೆ. ಟ್ಯಾಂಕಿನ ತಗಡು ತೆಳು. ಒಳಗೆ ಸರಕು ಕಡಿಮೆಯಿದ್ದಾಗ ಸುತ್ತ ನೀರು ಏರಿದರೆ ಅದು ಬುಡ ಬಿಟ್ಟು ತೇಲುತ್ತದೆ, ಕೊಳವೆಗಳು ಕಿತ್ತು ಬರುತ್ತವೆ. ಹಾಗಾದರೆ ಕೊಲ್ಲಿಯೇ ಕೆಟ್ಟುಹೋಗುತ್ತದೆ. ಚಂಡಮಾರುತಕ್ಕೆ ಮೊದಲೇ ಟ್ಯಾಂಕುಗಳನ್ನು ಒಂದು ಮಟ್ಟಕ್ಕೆ ತುಂಬಿಸಿಡುವುದು ಇವತ್ತೇ ಮಾಡಬಹುದಾದ ಕೆಲಸ. ರೈಸ್ ವಿಶ್ವವಿದ್ಯಾಲಯದವರದ್ದು ಇನ್ನೊಂದು ಸಲಹೆ ಇದೆ: ಕಾಲುವೆಯಿಂದ ತೆಗೆದ ಹೂಳಿನಿಂದಲೇ ಕೊಲ್ಲಿಯ ನಡುವೆ 25 ಅಡಿ ಎತ್ತರದ ದಿಬ್ಬಗಳ ಸಾಲು. ಕೈಗಾರಿಕೆಗಳಿಗೂ ಪಶ್ಚಿಮ ದಡಕ್ಕೂ ಅದು ರಕ್ಷಣೆ. ದ್ವೀಪದವರಿಗೆ ಏನೂ ಇಲ್ಲ.

ಅತ್ತೆ: ನೀರಿನೊಳಗೆ ಇರುವವರ ಮಾತು ಯಾರೂ ಆಡಲಿಲ್ಲ. ಸಿಗಡಿ ಮರಿಗಳು, ಏಡಿ ಮರಿಗಳು ಸಮುದ್ರದಿಂದ ಉಬ್ಬರದ ಜೊತೆ ಅಳಿವೆ ದಾಟಿ ಬಂದು ಈ ಜೌಗಿನಲ್ಲೇ ದೊಡ್ಡದಾಗುತ್ತವೆ. ಐಕ್ ಹೊತ್ತು ತಂದ ಕೆಸರಿನಲ್ಲಿ ಕೊಲ್ಲಿಯ ಅರ್ಧದಷ್ಟು ಸಿಂಪಿ ದಿಬ್ಬಗಳು ಹೂತುಹೋದವು. 2017ರ ಹಾರ್ವೆ ಚಂಡಮಾರುತದ ಮಳೆಯಲ್ಲಿ ಉಪ್ಪು ನೀರು ಸಿಹಿಯಾಗಿ ಮತ್ತಷ್ಟು ಸತ್ತವು. ಗೇಟು ತೆರೆದಿದ್ದರೂ ಅದರ ಕಂಬಗಳು ಅಳಿವೆಯನ್ನು ಕಿರಿದು ಮಾಡುತ್ತವೆ.

ದೊಡ್ಡಪ್ಪ: ಡಚ್ಚರು ತಮ್ಮ ದೇಶದ ಈಸ್ಟರ್ನ್ ಸ್ಕೆಲ್ಡ್ ಎಂಬ ಅಳಿವೆಯಲ್ಲಿ ಅದಕ್ಕೂ ಉತ್ತರ ಕಂಡುಕೊಂಡಿದ್ದಾರೆ. ಪೂರ್ತಿ ಅಣೆಕಟ್ಟು ಹಾಕುವವರಿದ್ದರು. ಮೀನುಗಾರರು ಪ್ರತಿಭಟಿಸಿದ್ದಕ್ಕೆ 62 ಗೇಟುಗಳಿರುವ ತೆರೆದ ತಡೆ ಕಟ್ಟಿ 1986ರಲ್ಲಿ ಮುಗಿಸಿದರು. ಸಿಂಪಿ ಉಳಿಯಿತು.

ಅತ್ತೆ: ಸಿಂಪಿ ಉಳಿಯಿತು, ಮರಳು ಉಳಿಯಲಿಲ್ಲ. ಉಬ್ಬರದ ಸೆಳೆತ ಕುಗ್ಗಿದ್ದರಿಂದ, ಅಲೆ ಕೆಡವಿದ ಮರಳನ್ನು ಮತ್ತೆ ಮೇಲಕ್ಕೆ ಒಯ್ದು ಹಾಕುವ ಬಲ ನೀರಿಗಿಲ್ಲ. ಹಕ್ಕಿಗಳು ಮೇಯುವ ಮರಳ ಬಯಲು ಅಲ್ಲಿ ಕರಗುತ್ತಲೇ ಇದೆ. ಅರ್ಧ ಕಥೆ ಹೇಳಬೇಡ ಅಣ್ಣಾ.

ಅಕ್ಕ: ಗೇಟು ಬರಲಿ, ನನ್ನ ತಕರಾರಿಲ್ಲ. ಹಾರ್ವೆಯಂಥ ಮಳೆಗೆ ಅದು ಉತ್ತರವಲ್ಲ ಎಂಬುದು ನೆನಪಿರಲಿ. ಆ ಸಲ ಟೆಕ್ಸಸ್‌ನದೇ ನೆಡರ್‌ಲ್ಯಾಂಡ್ ಎಂಬ ಊರಿನಲ್ಲಿ 1,500 ಮಿಲಿಮೀಟರ್‌ಗೂ ಹೆಚ್ಚು ಸುರಿಯಿತು. ಗೇಟು ಬರುತ್ತದೆ ಎಂಬ ಮಾತನ್ನೇ ನಂಬಿ ತಗ್ಗಿನಲ್ಲಿ ಮನೆ ಮಾಡುವುದು ನನಗೆ ಆಗದು. ಬೇಟೌನ್‌ನಲ್ಲಿ ಬ್ರೌನ್‌ವುಡ್ ಎಂಬ ಬಡಾವಣೆ ಇತ್ತು, ಕೊಲ್ಲಿಯ ದಡದಲ್ಲೇ, ಒಳ್ಳೆಯ ಮನೆಗಳು. ಸುತ್ತಲಿನವರು ಅಂತರ್ಜಲ ಎತ್ತುತ್ತಾ ಹೋದಂತೆ ನೆಲ ಮೂರು ಮೀಟರ್‌ನಷ್ಟು ಕುಸಿಯಿತು. 1983ರಲ್ಲಿ ಅಲಿಷಿಯಾ ಚಂಡಮಾರುತ ಬಂದು ಉಳಿದದ್ದನ್ನೂ ಮುಗಿಸಿತು. ಈಗ ಅಲ್ಲಿ ಹಕ್ಕಿ ನೋಡುವ ಉದ್ಯಾನವಿದೆ. ನೆಲದ ಕುಸಿತಕ್ಕೆ ಕಡಿವಾಣ ಹಾಕಲು 1975ರಲ್ಲೇ ಒಂದು ಪ್ರಾಧಿಕಾರ ಮಾಡಿದ್ದರು. ಅಂತರ್ಜಲ ಬಿಡಿಸಿ ನದಿ ನೀರಿಗೆ ಹೊರಳಿಸಿದ ಕಡೆ ಕುಸಿತ ನಿಧಾನವಾಯಿತು. ವೀಡಿಯೊ ಮಾಡುವಷ್ಟು ಚೆಂದದ ಕೆಲಸವಲ್ಲ ಅದು.

ನಾನು: ಮನೆ ಎಲ್ಲೇ ಇರಲಿ, ಚಂಡಮಾರುತ ಬಂದರೆ ಕಾರು ಹತ್ತಿ ಹೊರಟುಬಿಡಬಹುದಲ್ಲ?

ಭಾವ: 2005ರಲ್ಲಿ ರೀಟಾ ಚಂಡಮಾರುತ ಬರುತ್ತದೆಂದು 25 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಟರು. ಹೆದ್ದಾರಿಯ ಬಿಸಿಲಿನಲ್ಲೇ ಜನ ಸತ್ತರು. ವೃದ್ಧಾಶ್ರಮದವರಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ಹೋದರು. ಚಂಡಮಾರುತದ ಉಬ್ಬರದ ನೀರು ಬರುವ ವಲಯದವರು ಹೊರಡಬೇಕು. ಗಾಳಿಯ ಭಯ ಮಾತ್ರ ಇರುವವರು ಗಟ್ಟಿ ಮನೆಯಲ್ಲೇ ಇದ್ದು ಅವರಿಗೆ ದಾರಿ ಬಿಡಬೇಕು. ನಮಗೆ ಆ ಎರಡನೆಯ ವಲಯದಲ್ಲೇ ಮನೆ ಬೇಕು. ಅಂಥದ್ದೊಂದು ನೋಡಿದ್ದೇವೆ, ದಡದಿಂದ ಒಳಗೆ. ನೆರೆ ವಿಮೆಯನ್ನೂ ಮಾಡಿಸುತ್ತೇವೆ. ಸಾಮಾನ್ಯ ಗೃಹ ವಿಮೆ ನೆರೆಗೆ ಹಣ ಕೊಡುವುದಿಲ್ಲ. ಬೇರೆ ಸಮಯದಲ್ಲಾದರೆ ನೆರೆ ವಿಮೆ ಜಾರಿಯಾಗಲು 30 ದಿನ ಕಾಯಬೇಕು. ಸಾಲದ ಜೊತೆಗೇ ಮಾಡಿಸಿದರೆ ಕಾಯಬೇಕಿಲ್ಲ.

ದೊಡ್ಡಪ್ಪ: ಗೇಟು ಕಟ್ಟಲೇಬೇಕು, ಅದರಲ್ಲಿ ನಾನು ಬದಲಾಗುವುದಿಲ್ಲ. ವೀಡಿಯೊವನ್ನೂ ಅಳಿಸುವುದಿಲ್ಲ. ಅಳಿಯಂದಿರೇ, ಆ ಎರಡನೆಯ ಮನೆಯ ನೆಲಮಟ್ಟ ಎಷ್ಟು?

ಭಾವ: ಪ್ರಮಾಣಪತ್ರದಲ್ಲಿ ಸಮುದ್ರಮಟ್ಟದಿಂದ 26 ಅಡಿ ಎಂದಿದೆ ಮಾವ.

ದೊಡ್ಡಪ್ಪ: ಯಾವ ವರ್ಷದ ಸರ್ವೆ? ನೆಲವೇ ಕುಸಿದಿರುವ ಪ್ರದೇಶ ಎನ್ನುತ್ತೀರಿ. ಅಳತೆಗೆ ಆಧಾರವಾಗಿಟ್ಟ ಕಲ್ಲೂ ನೆಲದ ಜೊತೆಗೇ ಇಳಿದಿರುತ್ತದೆ. ಕಾಗದದ ಮೇಲಿನ ಅಂಕಿ ಮಾತ್ರ ಹಾಗೆಯೇ ಇರುತ್ತದೆ.

ಅಕ್ಕ: ಪತ್ರ ಹಳೆಯದೇ ದೊಡ್ಡಪ್ಪ. ಹೊಸದಾಗಿ ಅಳೆಯಲು ನಾಳೆಯೇ ಸರ್ವೇಯರ್‌ಗೆ ಹೇಳುತ್ತೇನೆ.