ಸ್ಟೀಪಲ್‌ಚೇಸ್ ಓಡಿದವನು ಮ್ಯಾರಥಾನ್ ಕೋಚ್ ಆಗಬಹುದಾ?

ಹಾಸನದ_ಓಟಗಾರ:
ಎಲ್ಲರಿಗೂ ನಮಸ್ಕಾರ. ನಾನು ಯೂನಿವರ್ಸಿಟಿ ಮಟ್ಟದಲ್ಲಿ ಮೂರು ವರ್ಷ 3000 ಮೀಟರ್ ಸ್ಟೀಪಲ್‌ಚೇಸ್ (ಅಡ್ಡಗಟ್ಟೆ, ನೀರಿನ ಗುಂಡಿ ಹಾರಿಕೊಂಡು ಓಡುವ ಟ್ರ್ಯಾಕ್ ಓಟ) ಓಡಿದ್ದೇನೆ. ಕೊನೇ ಮೀಟ್‌ನಲ್ಲಿ ವಾಟರ್ ಜಂಪ್ ಗುಂಡಿಯ ತಳದ ಮ್ಯಾಟ್ ಕಿತ್ತುಹೋಗಿತ್ತು. ಮೇಲೆ ನೀರಿದ್ದ ಕಾರಣ ಯಾರ ಕಣ್ಣಿಗೂ ಬೀಳಲಿಲ್ಲ, ಶೂ ತಳದ ಮೊಳೆ (ಸ್ಪೈಕ್) ಅದಕ್ಕೆ ಸಿಕ್ಕಿಕೊಂಡು ಬಲಗಾಲು ಉಳುಕಿತು, ಅಲ್ಲಿಗೆ ನನ್ನ ಓಟ ಮುಗಿಯಿತು. ಈಗ ಏರಿಯಾದ ನಾಲ್ಕೈದು ಜನ ಹಾಫ್ ಮ್ಯಾರಥಾನ್‌ಗೆ ಟ್ರೈನಿಂಗ್ ಕೊಡಿ ಅಂತ ಬೆನ್ನು ಹತ್ತಿದ್ದಾರೆ. ನಾನು ಓಡಿದ್ದು ಏಳು ಸುತ್ತು ಚಿಲ್ಲರೆ. 21 ಕಿಲೋಮೀಟರ್ ಓಡುವವರಿಗೆ ಏನು ಹೇಳಿಕೊಡಲಿ? ಸುಮ್ನೆ ಒಪ್ಪಿಕೊಂಡು ಅವರ ಮಂಡಿ ಹಾಳು ಮಾಡುವುದು ಬೇಡ ಅನಿಸುತ್ತಿದೆ.

ಕಬ್ಬನ್‌ಪಾರ್ಕ್_ಐದೂವರೆ:
ಪ್ಯಾಟ್ರಿಕ್ ಸಾಂಗ್ ಹೆಸರು ಕೇಳಿಲ್ವಾ? ಮ್ಯಾರಥಾನ್ ದಿಗ್ಗಜ ಎಲಿಯುಡ್ ಕಿಪ್ಚೋಗೆಯ ಕೋಚ್. ಕೀನ್ಯಾದವರು, ಓಡಿದ್ದು ಸ್ಟೀಪಲ್‌ಚೇಸೇ. 1991ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 1993ರ ಸ್ಟುಟ್‌ಗಾರ್ಟ್‌ನಲ್ಲಿ ಮತ್ತೆ ಬೆಳ್ಳಿ. ಬಾರ್ಸಿಲೋನಾದಲ್ಲಿ ಮೂರೂ ಪದಕ ಕೀನ್ಯಾದವರಿಗೇ ಬಂತು, ಅಂಥ ಕಾಲ ಅದು.
ಕಿಪ್ಚೋಗೆ ಇವರ ಊರಿನ ಕಡೆಯ ಹುಡುಗ. ಇನ್ನೂ ಹದಿಹರೆಯ, ತಾನೇ ಬಂದು ಪ್ರೋಗ್ರಾಂ ಕೊಡಿ ಅಂದ. ಸಾಂಗ್ ಕೆಲವು ದಿನಗಳಿಗೆ ಆಗುವಷ್ಟು ಹೇಳಿ ಕಳಿಸಿದರು. ಅದನ್ನು ಮುಗಿಸಿ ಮತ್ತೆ ಬಂದ, ಮತ್ತೆ ಕೊಟ್ಟರು. ಹೀಗೇ ತಿಂಗಳುಗಟ್ಟಲೆ ನಡೆದ ಮೇಲೆ ಹೆಸರೇನಪ್ಪಾ ಅಂತ ವಿಚಾರಿಸಿದರೆ, ಚಿಕ್ಕಂದಿನಲ್ಲಿ ತನಗೆ ಪಾಠ ಹೇಳಿದ ಟೀಚರ್ ಮಗ! 2003ರಲ್ಲಿ ಆ ಹುಡುಗ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಲ್ ಗೆರೂಜ್, ಬೆಕೆಲೆಯಂಥ ಘಟಾನುಘಟಿ ಓಟಗಾರರಿಬ್ಬರನ್ನೂ ಹಿಂದೆ ಹಾಕಿ 5000 ಮೀಟರ್ ಗೆದ್ದ.

ಅನುಮಾನದ_ಆಸಾಮಿ:
ಒಪ್ಪಿದೆ, ಆದರೆ ಕಿಪ್ಚೋಗೆಯಂಥ ಆಳು ಸಿಕ್ಕರೆ ನಾನೂ ದೊಡ್ಡ ಕೋಚೇ ಆಗ್ತೀನಿ. ಆ ಕಾಲು ಅವರದ್ದು, ಎತ್ತರದ ಗಾಳಿಯೂ ಅಲ್ಲಿಯದ್ದೇ. ಕೋಚ್ ಮಾಡಿದ್ದೇನು?

ಕಬ್ಬನ್‌ಪಾರ್ಕ್_ಐದೂವರೆ:
ಒಬ್ಬನೇ ಆಗಿದ್ದರೆ ನಿಮ್ಮ ಮಾತಿಗೆ ಹೂಂ ಅಂತಿದ್ದೆ. ಫೇತ್ ಕಿಪ್ಯೆಗಾನ್ ಓಡುವುದು 1500 ಮೀಟರ್, ಮಗುವಾದ ಮೇಲೆ ಇವರ ಹತ್ತಿರ ಬಂದು ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2014ರಲ್ಲಿ ನಮ್ಮ ಬೆಂಗಳೂರು 10ಕೆ ಗೆದ್ದ ಕಾಮ್ವೊರೊರ್ ಕೂಡ ಇದೇ ಗುಂಪಿನವರು. ಮೂವರದ್ದೂ ಬೇರೆ ಬೇರೆ ದೂರ ಅಲ್ವಾ? ಇನ್ನು ಕಿಪ್ಚೋಗೆ 2012ರ ಲಂಡನ್ ಒಲಿಂಪಿಕ್ಸ್ ತಂಡಕ್ಕೇ ಆಯ್ಕೆಯಾಗಲಿಲ್ಲ. ಬಹಳ ಜನರ ಕಥೆ ಅಲ್ಲಿಗೇ ಮುಗಿಯುತ್ತೆ. ಇವರು ಟ್ರ್ಯಾಕ್ ಬಿಟ್ಟು ರಸ್ತೆ ಓಟಕ್ಕೆ ಇಳಿದರು, 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನೇ ಗೆದ್ದರು, 2:05:30. ಆಗಲೂ ಕೋಚ್ ಸಾಂಗೇ.

ಹಳೇ_ಪಿಟಿ_ಮೇಷ್ಟ್ರು:
ತಮ್ಮಾ, ಪದಕದ ಲೆಕ್ಕ ಬಿಡು, ನಿನ್ನ ಪ್ರಶ್ನೆಗೆ ಬರ್ತೀನಿ. ಸ್ಟೀಪಲ್‌ಚೇಸ್‌ನಲ್ಲಿ 28 ಸಲ ಅಡ್ಡಗಟ್ಟೆ, 7 ಸಲ ನೀರು. ಒಂದೊಂದು ಸಲವೂ ಲಯ ತಪ್ಪುತ್ತೆ. ಶೂ ಒಳಗೆ ಪಚಪಚ ನೀರು, ಪಾದ ಇಟ್ಟಿಗೆ ಕಟ್ಟಿದಷ್ಟು ಭಾರ. ತಪ್ಪಿದ ವೇಗ ಹಿಡೀಬೇಕು ಅಂತ ಒಂದೇ ಸಲ ನುಗ್ಗಿದವನು ಐದನೇ ಸುತ್ತಿಗೆ ಸುಸ್ತು. ಹತ್ತು ಹೆಜ್ಜೆಯಲ್ಲಿ ನಿಧಾನಕ್ಕೆ ಲಯಕ್ಕೆ ಬರಬೇಕು, ಅದು ನಿನ್ನ ಮೈಗೆ ಗೊತ್ತು. ಹಾಫ್ ಮ್ಯಾರಥಾನ್‌ನಲ್ಲಿ ಫ್ಲೈಓವರ್ ಹತ್ತಿ ಇಳಿದವರಿಗೆ ಬೇಕಾಗಿರೋದೂ ಅದೇ.
ಗೊತ್ತಿಲ್ಲದ್ದು ಲಾಂಗ್ ರನ್. ಕೀನ್ಯಾದಲ್ಲಿ ಸಾಂಗ್ ಗುಂಪು ಓಡೋ ಕಪ್ಟಗಾಟ್ ಕ್ಯಾಂಪ್‌ನಲ್ಲಿ ಮಂಗಳವಾರ ಟ್ರ್ಯಾಕ್, ಗುರುವಾರ ಒಂದು ವಾರ 30 ಕಿಲೋಮೀಟರ್ ಇನ್ನೊಂದು ವಾರ 40, ಶನಿವಾರ ಫಾರ್ಟ್‌ಲೆಕ್ (ನಡುನಡುವೆ ವೇಗ ಏರಿಸಿ ಇಳಿಸೋ ಓಟ), ಮಿಕ್ಕ ದಿನ ಆರಾಮ ಓಟ. ಆ ಕಿಲೋಮೀಟರ್ ಕಾಪಿ ಹೊಡೀಬೇಡ ಮತ್ತೆ! ನಿನ್ನವರು ಆಫೀಸಿಗೆ ಹೋಗೋರು. ಗಟ್ಟಿ ಓಟದ ಮಾರನೇ ದಿನ ಹಗುರ ಅನ್ನೋ ಕ್ರಮ ಇದೆಯಲ್ಲ, ಅಷ್ಟು ತಗೋ ಸಾಕು. ಆರಾಮ ಓಟದಲ್ಲಿ ಮಾತಾಡಿಕೊಂಡು ಓಡೋಕೆ ಆಗ್ತಿಲ್ಲ ಅಂದ್ರೆ ಅದು ಆರಾಮ ಅಲ್ಲ, ಕಿವಿ ಹಿಂಡಿ ನಿಲ್ಲಿಸು.

ಹಾಸನದ_ಓಟಗಾರ:
ಥ್ಯಾಂಕ್ಸ್ ಮೇಷ್ಟ್ರೇ. ನಾನು ಮಾಡುತ್ತಿದ್ದ ತಪ್ಪೇ ಅದು, ದಿನಾ ಗಟ್ಟಿ ಓಟ. ಭಾನುವಾರ ಆರು ಗಂಟೆಗೆ ಐವರನ್ನೂ ಬರಹೇಳಿದ್ದೇನೆ, 8 ಕಿಲೋಮೀಟರ್, ಮಾತಾಡಿಕೊಂಡು. ಅವರಲ್ಲಿ ಒಬ್ಬರಿಗೆ 58 ವರ್ಷ, ಬಿಪಿ ಮಾತ್ರೆ ನಡೀತಿದೆ. ಡಾಕ್ಟರ್ ಚೀಟಿ ತಂದ ಮೇಲೆ ಓಡಿಸಲಾ, ಅಲ್ಲಿವರೆಗೆ ನಡೆಸಲಾ?

ಹಳೇ_ಪಿಟಿ_ಮೇಷ್ಟ್ರು:
ನಡೆಸು. ಚೀಟಿ ಮೊದಲು.